ಹೊಲಿಗೆಯಮ್ಮನ ಮನೆಗೆ ಇಪ್ಪತ್ತೆರಡು ಮಹಡಿ

ಮಾನ್ಯ ಅಜ್ಞಾತ ನಕ್ಷೆಗಾರರೇ,

ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯಲ್ಲಿ, ಯಾರೂ ಕೇಳದಿದ್ದರೂ, ನಮ್ಮೂರಿನ ಒಂದೊಂದು ಕಟ್ಟಡವನ್ನೂ ಗುರುತಿಸಿಕೊಟ್ಟ ತಮ್ಮ ಬೆರಳುಗಳಿಗೆ ಈ ವಾಸ್ತುಶಿಲ್ಪಿಯ ಅನಂತ ನಮಸ್ಕಾರಗಳು.

ಕಳೆದ ತಿಂಗಳು ಒಂದು ಶಿಶುವಿಹಾರದ ವಿನ್ಯಾಸ ನನ್ನ ಪಾಲಿಗೆ ಬಂದಾಗ, ಸುತ್ತಲಿನ ಬೀದಿಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಲು ತಮ್ಮ ನಕ್ಷೆಯನ್ನೇ ಇಳಿಸಿಕೊಂಡೆ. ಕಟ್ಟಡದ ಅಂಚು ಮತ್ತು ಮಹಡಿಗಳ ಸಂಖ್ಯೆ ಸಿಕ್ಕರೆ ಸಾಕು, ಹತ್ತು ನಿಮಿಷದಲ್ಲಿ ಇಡೀ ಬೀದಿ ಬೆಂಕಿಪೊಟ್ಟಣಗಳನ್ನು ಜೋಡಿಸಿದಂತೆ ಎದ್ದು ನಿಲ್ಲುತ್ತದೆ. ನಿಂತಿತು ಕೂಡ. ಆದರೆ ನಿವೇಶನದ ಪೂರ್ವಕ್ಕಿರುವ, ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಹೊಲಿಗೆಯಮ್ಮನ ಎರಡು ಮಹಡಿಯ ಮನೆಯ ವಿಷಯದಲ್ಲಿ ಮಾತ್ರ ತಾವು ಎರಡರ ಗುಂಡಿಯನ್ನು ಎರಡು ಸಲ ಒತ್ತುವ ಔದಾರ್ಯ ತೋರಿದ್ದಿರಿ. ಆ ಮನೆ ಮಹಡಿಗೆ ಮೂರು ಮೀಟರಿನಂತೆ ಅರುವತ್ತಾರು ಮೀಟರ್ ಬೆಳೆದು, ಬೆಳಗಿನ ಬಿಸಿಲನ್ನೆಲ್ಲ ನುಂಗಿ ನೀರು ಕುಡಿಯಿತು.

ನಿವೇಶನವನ್ನು ಒಂದೇ ಸಲ, ಅದೂ ಕಾರಿನೊಳಗಿಂದ, ಫೋನಿನಲ್ಲಿ ಮಾತಾಡುತ್ತಾ ನೋಡಿದ್ದ ನನಗೆ ತಮ್ಮ ಮೇಲಿದ್ದ ನಂಬಿಕೆ ಎಂಥದೆಂದರೆ, ಆ ನೆರಳಿಗೆ ಹೆದರಿ ಮಕ್ಕಳ ಕೋಣೆಗಳನ್ನೆಲ್ಲ ಪಶ್ಚಿಮಕ್ಕೆ ತಿರುಗಿಸಿ, ಪೂರ್ವಕ್ಕೆ ಕಕ್ಕಸುಗಳನ್ನು ಸಾಲಾಗಿ ನಿಲ್ಲಿಸಿದೆ.

ನೆರೆಯವರ ಸಭೆಯಲ್ಲಿ ಮಾದರಿಯನ್ನು ಪರದೆಯ ಮೇಲೆ ತೋರಿಸಿದಾಗ ಹೊಲಿಗೆಯಮ್ಮ ಕನ್ನಡಕ ಒರೆಸಿಕೊಂಡು, "ಇದ್ಯಾರದಮ್ಮ ಈ ಕಂಬ?" ಎಂದರು. ನಿಮ್ಮದೇ ಮನೆ ಎಂದೆ. "ಅಯ್ಯೋ, ಇರೋ ಒಂದು ಸಾಲು ಮೆಟ್ಟಿಲು ಹತ್ತೋದ್ರೊಳಗೇ ಮಂಡಿ ಹಿಡ್ಕೊಂಡು ಕೂತ್ಕೋತೀನಿ. ಇಷ್ಟೆಲ್ಲ ಯಾವಾಗ ಕಟ್ಟಿಸ್ದೆ?" ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದಿದ್ದವರು ಶಿಶುವಿಹಾರದ ಮುಖ್ಯ ಟೀಚರ್ ಒಬ್ಬರೇ. "ನಮ್ಮ ಮಕ್ಕಳು ಇರೋದೇ ಮಧ್ಯಾಹ್ನದವರೆಗೆ. ಬೆಳಗಿನ ಬಿಸಿಲನ್ನ ನೀವು ಕಕ್ಕಸಿಗೆ ಕೊಟ್ಟಿದ್ದೀರಿ. ಸೋಮವಾರದೊಳಗೆ ಸರಿ ಮಾಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀವಿ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಭೂಮಿಯೂ ತಮ್ಮ ನಕ್ಷೆಯಲ್ಲಿ ಬಿರುಕಿಲ್ಲದೆ ಸಪಾಟಾಗಿಯೇ ಇತ್ತು.

ಮರುದಿನ ಅಳತೆಪಟ್ಟಿ ಹಿಡಿದು ಹೋದೆ. ಇನ್ನೊಂದು ತುದಿಯನ್ನು ಹೊಲಿಗೆಯಮ್ಮನೇ ಹಿಡಿದರು. "ಬಿಗಿಯಾಗಿ ಎಳಿಯಮ್ಮ, ಸಡಿಲ ಬಿಟ್ರೆ ಅಂಗೀನೂ ಕೆಡತ್ತೆ, ಸ್ಕೂಲೂ ಕೆಡತ್ತೆ" ಎಂದು ಗದರಿದರು. ಅವರ ಮನೆಯ ಎತ್ತರ ಆರೂವರೆ ಮೀಟರ್. ಬಿಸಿಲು ಅದನ್ನು ದಾಟಿ ಬಂದು ನನ್ನ ಕಕ್ಕಸುಗಳ ಜಾಗದಲ್ಲಿ ಧಾರಾಳವಾಗಿ ಬಿದ್ದಿತ್ತು. ಕೋಣೆಗಳನ್ನೆಲ್ಲ ಪೂರ್ವಕ್ಕೆ ತಂದು ಸೋಮವಾರ ಹೊಸ ಮಾದರಿ ತೋರಿಸಿದೆ. ಟೀಚರ್ ಬಹಳ ಹೊತ್ತು ನೋಡಿ "ಹ್ಞೂಂ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಆದ್ದರಿಂದ ತಾವು ದಯವಿಟ್ಟು ಆ ಸಂಖ್ಯೆಯನ್ನು ತಿದ್ದಬೇಕು, ಇಲ್ಲವೇ ಉಳಿದ ಇಪ್ಪತ್ತು ಮಹಡಿಗಳನ್ನು ಲಿಫ್ಟ್ ಸಮೇತ ಕಟ್ಟಿಸಿ, ಸೂರ್ಯನಿಗೆ ಬೇರೆ ದಾರಿ ತೋರಿಸಬೇಕೆಂದು ಪ್ರಾರ್ಥನೆ.

ನಕ್ಷೆಯನ್ನು ಈಗಲೂ ನಂಬುವ, ಆದರೆ ಕಾರಿನಿಂದ ಇಳಿದು ನೋಡುವ,
ತಮ್ಮ ವಿಶ್ವಾಸಿ,
ಒಬ್ಬ ವಾಸ್ತುಶಿಲ್ಪಿ

ವಿ.ಸೂ.: ಪತ್ರ ಮುಗಿಸಿ ತಡೆಯಲಾರದೆ ನಕ್ಷೆಯಲ್ಲಿ ನಾನೇ ಎರಡು ಎಂದು ತಿದ್ದಿದೆ. ಅರ್ಧ ಗಂಟೆಯಲ್ಲಿ ತಾವು ಮತ್ತೆ ಇಪ್ಪತ್ತೆರಡು ಮಾಡಿ, "ಸ್ಥಳಕ್ಕೆ ಹೋಗಿ ನೋಡದೆ ತಿದ್ದಬೇಡಿ" ಎಂದು ಬುದ್ಧಿ ಹೇಳಿದ್ದೀರಿ. ದಯವಿಟ್ಟು ಬನ್ನಿ. ತಮ್ಮ ಅಳತೆ ತೆಗೆಯಲು ಹೊಲಿಗೆಯಮ್ಮ ಬಾಗಿಲಲ್ಲೇ ನಿಂತಿದ್ದಾರೆ, ಕತ್ತರಿಯೂ ಕೈಯಲ್ಲಿದೆ.