ಶಾಶ್ವತ ಸ್ಪ್ರೇ ಮತ್ತು ಇಗ್ನಾತ್ ದಿನದ ಹಂದಿ

ನಮ್ಮ ಓಣಿಯಲ್ಲಿ ಯಾವ ವ್ಯಾಪಾರಿಯ ಮಾತಿಗೂ ಮೋಸಹೋಗದ ಹೆಂಗಸು ಒಬ್ಬಳಿದ್ದರೆ ಅವಳು ನಾನು, ವೆಟೂರಿಯಾ. ಹಗಲೆಲ್ಲ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದಿ, ಸಂಜೆ ಶಾಲೆಯ ಬೆಂಚಿನಲ್ಲಿ ಕುಳಿತು, ನಲವತ್ತು ದಾಟಿದ ಮೇಲೆ ರಸಾಯನಶಾಸ್ತ್ರ ಕಲಿತವಳು. ಅಚ್ಚಾದುದನ್ನೆಲ್ಲ ನಂಬುವ ಕಾಲ ನನ್ನ ಪಾಲಿಗೆ ಅಂದೇ ಮುಗಿಯಿತು. ಆದ್ದರಿಂದ, ಕೂದಲನ್ನು ಮನೆಯಲ್ಲೇ ಶಾಶ್ವತವಾಗಿ ನಿರ್ಮೂಲ ಮಾಡುವುದಾಗಿ ಸಾರುವ ಸ್ಪ್ರೇಗಳ ಬಣ್ಣವನ್ನು ಬಯಲು ಮಾಡಿಯೇ ತೀರುತ್ತೇನೆಂದು ಆ ಶರತ್ಕಾಲದಲ್ಲಿ ಪಣ ತೊಟ್ಟೆ.

ಪಣಕ್ಕೆ ಕಾರಣವಿತ್ತು. ಜನವರಿಯ ಮದುವೆಯೊಂದಕ್ಕೆ ನಾನು ಧರ್ಮಮಾತೆ. ವಧುವಿನ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ಪ್ರತಿ ಫೋಟೋದಲ್ಲೂ ನಿಲ್ಲಬೇಕಾದವಳು. ಉಡುಪು ಕೊಳ್ಳಲು ಪೇಟೆಗೆ ಹೋದಾಗ ಅಲಂಕಾರ ಸಾಮಗ್ರಿಯ ಅಂಗಡಿಯ ಹುಡುಗಿ ನನ್ನ ಮೇಲ್ತುಟಿಯನ್ನು ದಿಟ್ಟಿಸಿ, "ಮೇಡಂ, ಅದಕ್ಕೂ ಈಗ ಸ್ಪ್ರೇ ಬಂದಿದೆ" ಎಂದಳು. 'ಅದಕ್ಕೂ' ಎಂಬ ಆ ಒಂದು ಪದ ಬಸ್ಸು ಹತ್ತಿ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು.

ಮೂರು ಡಬ್ಬಿ ತಂದೆ. ಮೊದಲನೆಯದರ ಮೇಲೆ 'ಒಮ್ಮೆ ಸಿಂಪಡಿಸಿ, ಜೀವನಪರ್ಯಂತ ಮರೆಯಿರಿ' ಎಂದಿತ್ತು. ಎರಡನೆಯದು ಬೇರನ್ನೇ ಕರಗಿಸುತ್ತೇನೆಂದಿತು. ಕರಗಿಸುವ ನೊರೆ ಚರ್ಮದ ಮೇಲಿನದನ್ನು ತೆಗೆದೀತು. ಕೆಳಗೆ ಈರುಳ್ಳಿಯಂತೆ ಹೂತು ಕುಳಿತ ಬೇರಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ! ಮೂರನೆಯದು ಎಲ್ಲಕ್ಕಿಂತ ನಿರ್ಲಜ್ಜ: 'ನಿರಂತರ ಬಳಕೆಯಿಂದ ಶಾಶ್ವತ ಪರಿಹಾರ.' ನಿರಂತರ ಬಳಸಬೇಕಾದದ್ದು ಶಾಶ್ವತ ಹೇಗಾಯಿತು? ಆ ಲೆಕ್ಕದಲ್ಲಿ ಕಸಪೊರಕೆಯೂ ಧೂಳಿಗೆ ಶಾಶ್ವತ ಪರಿಹಾರವೇ.

ಆದರೂ ಪರೀಕ್ಷಿಸದೆ ತೀರ್ಪು ಕೊಡುವವಳು ನಾನಲ್ಲ. ಪ್ರಯೋಗಕ್ಕೆಂದು ಗಂಡ ಸಬಿನ್‌ನ ಬೆನ್ನನ್ನು ಕೇಳಿದೆ.

"ನಾನೇನು ಪ್ರಯೋಗದ ಇಲಿಯೇನೇ?"

"ಇಲಿಗೆ ಇಷ್ಟು ಕೂದಲಿರಲ್ಲ."

"ಹಂದಿಗಿದೆ. ಹೋಗಿ ಅದನ್ನೇ ಕೇಳು."

ಅವನು ಹೇಳಿದ್ದು ಕುಚೋದ್ಯಕ್ಕೆ. ನಾನು ಸ್ವೀಕರಿಸಿದ್ದು ಶಾಸ್ತ್ರಸಮ್ಮತವಾಗಿ. ಕ್ರಿಸ್‌ಮಸ್ಸಿಗೆಂದು ಕೊಬ್ಬಿಸುತ್ತಿದ್ದ ನಮ್ಮ ಹಂದಿಯ ಬೆನ್ನ ಮೇಲೆ ಮೂರು ಚೌಕ ಗುರುತಿಸಿ, ಒಂದೊಂದಕ್ಕೂ ಒಂದೊಂದು ಸ್ಪ್ರೇ ಹೊಡೆದೆ. ಮೊದಲನೆಯದರಿಂದ ಹಂದಿಗೆ ನಿಂಬೆಹಣ್ಣಿನ ಪರಿಮಳ ಬಂದಿತು, ಬೇರೇನೂ ಆಗಲಿಲ್ಲ. ಎರಡನೆಯದಕ್ಕೆ ಕೂದಲು ಅಂಬಲಿಯಾಗಿ ಇಳಿದು, ಕೊಟ್ಟಿಗೆಯೆಲ್ಲ ಕೊಳೆತ ಮೊಟ್ಟೆಯಂತೆ ನಾರಿ, ಕೆಲವೇ ದಿನಗಳಲ್ಲಿ ಅದೇ ಕೂದಲು ಮೊದಲಿಗಿಂತ ಬಿರುಸಾಗಿ ಮೊಳೆಯಿತು. ಮೂರನೆಯದಕ್ಕೆ ಚರ್ಮ ಕೆಂಪೇರಿತು. ಸಿಟ್ಟು ತಡೆಯಲಾರದೆ, ಇಗ್ನಾತ್ ಹಬ್ಬ ಹತ್ತಿರವಿದ್ದಾಗ, ಮೂರು ಚೌಕಗಳಿಗೂ ಮೂರೂ ಡಬ್ಬಿ ಖಾಲಿಯಾಗುವವರೆಗೆ ಸಿಂಪಡಿಸಿದೆ.

ಇಗ್ನಾತ್ ದಿನವೆಂದರೆ ಕ್ರಿಸ್‌ಮಸ್ಸಿಗೆ ಮುನ್ನ ಹಂದಿ ಕಡಿಯುವ ದಿನ. ಕೂದಲನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಬಿಸಿ ಚರ್ಮವನ್ನು ಉಪ್ಪು ಹಚ್ಚಿ ತಿನ್ನಲು ಓಣಿಯ ಗಂಡಸರೆಲ್ಲ ನಮ್ಮ ಅಂಗಳದಲ್ಲಿ ನೆರೆದಿದ್ದರು. ಹಂದಿ ಕಡಿದೊಡನೆ ಆ ಮೂರು ಚೌಕಗಳನ್ನು ಸದ್ದಿಲ್ಲದೆ ಕತ್ತರಿಸಿ ಹೂಳಬೇಕೆಂದು ನಾನು ಚೂರಿ ಮಸೆಯುತ್ತಿದ್ದೆ. ಅಷ್ಟರಲ್ಲಿ ಅತ್ತೆ ಸವೇತಾ ಹಂದಿಯನ್ನು ಹೊರಗೆ ಬಿಟ್ಟರು. ಕೆಂಪಗೆ, ಬೋಳಾಗಿ, ಮೂರು ಮಚ್ಚೆ.

"ಅಯ್ಯೋ ದೇವರೇ, ಹಂದಿಜ್ವರ ಕಣ್ರಪ್ಪೋ!" ಎಂದು ಅತ್ತೆ ಕೂಗಿಕೊಂಡರು.

ಎದುರುಮನೆಯ ಪೊಂಪಿಲಿಯು ಪ್ಲಮ್ ಸಾರಾಯಿಯ ಲೋಟ ಕೆಳಗಿಟ್ಟು, ಹಿಂದೆ ಸರಿದು, ಫೋನ್ ತೆಗೆದ. "ನಮ್ಮನೇಲೂ ಎರಡಿವೆ. ಪಶುವೈದ್ಯರನ್ನ ಕರೀತೀನಿ."

ವೈದ್ಯರು ಬಂದು ಜ್ವರವೆಂದು ಶಂಕಿಸಿದರೆ ಓಣಿಯ ಹಂದಿಗಳನ್ನೆಲ್ಲ ಕೊಂದು ಸುಣ್ಣ ಸುರಿದು ಹೂಳುತ್ತಾರೆ. ಯಾರ ಮನೆಯಲ್ಲೂ ಹಬ್ಬವಿರುವುದಿಲ್ಲ. ನಾನು ಮಾತ್ರ ಮಸೆದ ಚೂರಿಯನ್ನೇ ಮತ್ತೆ ಮಸೆಯುತ್ತಿದ್ದೆ.

ಆಗ ಸಬಿನ್ ಮುಂದೆ ಬಂದ. "ಫೋನ್ ಇಡೋ. ಅದು ಜ್ವರ ಅಲ್ಲ, ಕೂದಲು ತೆಗೆಯೋ ಸ್ಪ್ರೇ. ನನ್ನ ಬೆನ್ನಿಗೆ ಅಂತ ತರಿಸಿದ್ದೆ. ಹೆದರಿಕೆಯಾಗಿ ಮೊದಲು ಹಂದಿಗೆ ಹೊಡೆದು ನೋಡ್ದೆ."

ಅಂಗಳ ನಗೆಯಿಂದ ಸಿಡಿಯಿತು. "ಹೆಂಗೂ ಹುಲ್ಲು ತಂದಿದ್ದೀವಿ, ನೀನೇ ಮಲಕ್ಕೊಳ್ಳೋ, ಸುಟ್ಟುಬಿಡ್ತೀವಿ" ಎಂದ ಪೊಂಪಿಲಿಯು. ಫೋನ್ ಜೇಬಿಗೆ ಹೋಯಿತು. ಓಣಿಯ ಹಂದಿಗಳೆಲ್ಲ ಬದುಕಿದವು, ಕಡಿಯುವವರೆಗೆ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ನನ್ನ ಪ್ರಯೋಗದ ನಗೆಯನ್ನು ಇನ್ನೊಬ್ಬನ ಬೆನ್ನ ಮೇಲೆ ಹೊರಿಸಿ ಬಾಯಿ ಮುಚ್ಚಿ ನಿಲ್ಲುವುದನ್ನು ನಾನು ಯಾವ ಶಾಲೆಯಲ್ಲೂ ಕಲಿತಿಲ್ಲ. ಚೂರಿ ಹಿಡಿದೇ ಅಂಗಳದ ಮಧ್ಯಕ್ಕೆ ಬಂದೆ.

"ಅವನು ಸುಳ್ಳು ಹೇಳ್ತಿದ್ದಾನೆ. ಸ್ಪ್ರೇ ತಂದಿದ್ದು ನಾನು, ನನ್ನ ಮೀಸೆಗೆ. ನಗೋದಾದ್ರೆ ನನ್ನ ಮುಖ ನೋಡಿ ನಗಿ."

ಯಾರೂ ನಗಲಿಲ್ಲ. ಪೊಂಪಿಲಿಯು ಕಣ್ಣು ಕಿರಿದು ಮಾಡಿದ. "ಯಾವ ಮೀಸೆ, ಅಕ್ಕಾ?"

ಹತ್ತಿರ ಬಂದು ನೋಡಿದ. ಅವನ ಹಿಂದೆ ಅವನ ಭಾವ ಬಂದ. ಆಮೇಲೆ ಉಳಿದವರು ಸಾಲಾಗಿ ಬಂದರು. ಒಬ್ಬ ಟಾರ್ಚ್ ಬಿಟ್ಟ. ಅತ್ತೆ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಹೌದಲ್ಲೇ! ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ನಾನು ನೋಡೇ ಇರಲಿಲ್ಲ."

"ಈಗ ಚೆನ್ನಾಗಿ ಕಾಣ್ತಾ ಇದೆ" ಎಂದ ಪೊಂಪಿಲಿಯು, ತುಂಬ ಗೌರವದಿಂದ.