ಮೊಂತಿ ಹಬ್ಬಕ್ಕೆ ನಾಲ್ಕು ಕೆಜಿ ಹಂದಿ

ಎರಡು ಧರ್ಮಗಳನ್ನು ಒಂದೇ ವಾರದ ಕೊನೆಯಲ್ಲಿ ಒಟ್ಟುಗೂಡಿಸಿ, ಒಂದೇ ಪಂಕ್ತಿಯಲ್ಲಿ ಕೂರಿಸಿ, ಹೊಟ್ಟೆ ತುಂಬ ಉಣ್ಣಿಸಿಬಿಡುತ್ತೇನೆಂದು ನಾನು ಶಪಥ ಮಾಡಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಹಲ್ಲುಜ್ಜುತ್ತ. ಮಹಾತ್ಮರಿಗೆಲ್ಲ ಇಂಥ ಯೋಚನೆಗಳು ಮರದ ಕೆಳಗೋ ಬೆಟ್ಟದ ಮೇಲೋ ಹೊಳೆದಿವೆಯಂತೆ. ನನಗೆ ಬಚ್ಚಲಮನೆಯಲ್ಲಿ ಹೊಳೆಯಿತು. ಅದರಿಂದೇನು? ಯೋಚನೆ ದೊಡ್ಡದಿತ್ತು!

ನಾನು ಧರ್ಮೇಶ, ಮಲ್ಲಂದೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು ನನ್ನ ಸಾಹಿತ್ಯ. ಹೆಂಡತಿ ಫ್ಲೇವಿಯಾ ಮೂಡಿಗೆರೆ ಕಡೆಯ ಕೊಂಕಣಿ ಕ್ರೈಸ್ತರ ಮನೆಯ ಹುಡುಗಿ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡುವುದು ಅವಳ ಕೆಲಸ. ಸಾಲಾಗಿ ನೂರು ಲೋಟ ಇಟ್ಟರೂ ಯಾವುದರಲ್ಲಿ ಹುಳಿತ ಬೀಜ ಸೇರಿದೆ ಎಂದು ಮೂಗಿನಿಂದಲೇ ಹಿಡಿದುಹಾಕುತ್ತಾಳೆ. ಇಂಥ ಮೂಗಿನ ಜೊತೆ ಸಂಸಾರ ಮಾಡುವ ಗಂಡಸು ಗುಟ್ಟು ಇಟ್ಟುಕೊಳ್ಳಬಾರದು. ನನಗೆ ಇದು ತಡವಾಗಿ ಗೊತ್ತಾಯಿತು.

ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆಯಾಗಿ ಎರಡು ವರ್ಷ ಕಳೆದಿತ್ತು. ನನ್ನ ಅವ್ವ ದೇವೀರಮ್ಮ ಮೂರು ತಿಂಗಳು ಮುನಿಸಿಕೊಂಡು, ನಾಲ್ಕನೇ ತಿಂಗಳು ಸೊಸೆಯ ಕೈಯ ಮೀನುಸಾರು ಉಂಡು, ಅಲ್ಲಿಂದಾಚೆಗೆ ಸೊಸೆಯ ಪಕ್ಷ ಸೇರಿದಳು. ಅತ್ತೆ ಸೆಲಿನ್ ಬಾಯಿ ಮಾತ್ರ ಬಗ್ಗಿರಲಿಲ್ಲ. ಮಗಳ ಜೊತೆ ಫೋನಿನಲ್ಲಿ ಎರಡು ಮಾತು ಇತ್ತು. ನಮ್ಮ ಹೊಸ್ತಿಲನ್ನು ಅವರು ಒಮ್ಮೆಯೂ ತುಳಿದಿರಲಿಲ್ಲ.

ಸೆಪ್ಟೆಂಬರ್ ಎಂಟಕ್ಕೆ ಅವರಿಗೆ ಮೊಂತಿ ಫೆಸ್ತ್. ಏಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೆ ಹಾಕಿ, ಮನೆಯವರೆಲ್ಲ ಕೂತು ಕುಡಿಯುತ್ತಾರೆ. ದೂರ ಇರುವವರಿಗೆ ಕಾಳನ್ನು ಅಂಚೆಯಲ್ಲಿ ಕಳಿಸುತ್ತಾರೆ. ಎರಡು ವರ್ಷವೂ ಫ್ಲೇವಿಯಾಳ ಪಾಲು ಕವರಿನಲ್ಲಿ ಬಂತು. ಐದು ಕಾಳು. ಪತ್ರ ಇಲ್ಲ. ಅವನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದಳು. ಅದನ್ನು ಕಂಡ ಮೇಲೆ ನನಗೆ ಆ ತಿಂಗಳಿಡೀ ಪಾಪದ ಪೋಸ್ಟ್‌ಮ್ಯಾನ್ ಮೇಲೆ ಸಿಟ್ಟು.

ಈ ಸಲ ಅತ್ತೆಯ ಫೋನ್ ಬಂತು. "ತೆನೆ ನಾನೇ ತರ್ತೇನೆ. ಊಟಕ್ಕೆ ಇರ್ತೇನೆ. ಮೂರು ಗಂಟೆ ಬಸ್ಸಿಗೆ ಹೊರಡ್ತೇನೆ."

ಕ್ಯಾಲೆಂಡರ್ ನೋಡಿದರೆ ಶುಕ್ರವಾರ ಗೌರಿ, ಶನಿವಾರ ಗಣಪತಿ, ಭಾನುವಾರ ಮೊಂತಿ ಫೆಸ್ತ್! ದೇವರುಗಳೇ ಸಾಲಾಗಿ ಬಂದು ನಿಂತಿರುವಾಗ ಶಪಥ ಮಾಡದೆ ಇರುವುದು ಹೇಗೆ?

ಅವತ್ತೇ ಫ್ಲೇವಿಯಾ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ಬೆಂಡೆ, ಅಲಸಂದೆ, ಹಾಗಲ, ಹೀರೆ, ಸೌತೆ, ಕುಂಬಳ, ಕೆಸುವಿನ ದಂಟು.

"ಏಳು ಥರ. ಮಮ್ಮಿ ಈ ಸಲ ಬಾ ಅಂದಿದಾರೆ, ನಾನು ನಾಳೆ ಮಧ್ಯಾಹ್ನ ಅವರ ಮನೆಗೆ ಹೋಗ್ತೀನಿ. ಭಾನುವಾರ ಚರ್ಚ್ ಮುಗಿಸಿ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ನೀನು ಇದನ್ನೆಲ್ಲ ತಂದು ಹೆಚ್ಚಿಡು."

"ನಿಮ್ಮಮ್ಮ ಮೊದಲ್ನೇ ಸಲ ಬರೋ ದಿನ ಬರೀ ತರಕಾರಿಯಾ?"

"ಹೌದು ಮಾರಾಯ. ನಿಮ್ಮ ಗಣಪತಿನೂ ಕೂತಿರ್ತಾನಲ್ಲ, ಒಳ್ಳೇದೇ ಆಯ್ತು ಬಿಡು."

ಆ ಮಾತು ಕೇಳಿ ನನ್ನ ಕಣ್ಣು ತುಂಬಿಬಂತು. ಎಂಥ ತ್ಯಾಗ! ನಮ್ಮ ಗಣಪತಿಗೋಸ್ಕರ ತನ್ನ ಹಬ್ಬದ ದಿನ, ಹೆತ್ತ ತಾಯಿಯ ಎದುರು, ಹಾಗಲಕಾಯಿ ತಿನ್ನಲು ಹೊರಟಿದ್ದಾಳೆ! ಕ್ರೈಸ್ತರ ಹಬ್ಬವೆಂದರೆ ಹಂದಿಮಾಂಸ. ಈ ಜ್ಞಾನ ನನಗೆ ಹೈಸ್ಕೂಲಿನ ಗೆಳೆಯನೊಬ್ಬನ ಮನೆಯ ಕ್ರಿಸ್‌ಮಸ್ ಊಟದಿಂದ ಬಂದದ್ದು. ಅದಕ್ಕಿಂತ ಹೆಚ್ಚಿನ ಅಧ್ಯಯನದ ಅಗತ್ಯ ನನಗೆ ಕಂಡಿರಲಿಲ್ಲ. ಗೌರಿ, ಗಣಪತಿ ಎಂದು ಎರಡು ದಿನ ಸೊಪ್ಪುಸದೆಯಲ್ಲಿ ಕಳೆಯಲಿದ್ದ ನನ್ನ ನಾಲಿಗೆಯೂ ಈ ವಿಷಯದಲ್ಲಿ ಸರ್ವಧರ್ಮ ಸಮನ್ವಯದ ಪರವಾಗಿಯೇ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಚೀಟಿಯನ್ನು ಜೇಬಿಗಿಳಿಸಿ ಮೇಸ್ತ್ರಿ ಗಿಡ್ಡಪ್ಪನನ್ನು ಕರೆದೆ.

"ಭಾನುವಾರ ಬೆಳಿಗ್ಗೆ ನಾಲ್ಕು ಕೆಜಿ ಒಳ್ಳೇ ಹಂದಿ ಬೇಕಲ್ಲ ಗಿಡ್ಡಪ್ಪ."

"ಮನೇಲಿ ಗಣಪತಿ ಕೂರ್ಸಿ ಹಂದಿಯಾ ರೈಟರೇ?"

"ಒಳಗಲ್ಲ ಮಾರಾಯ. ಕಾಫಿ ಕಣದ ಆಚೆ ಶೆಡ್ಡಲ್ಲಿ ಬೇಯ್ಸೋದು. ಸರ್ಪ್ರೈಸ್!"

"ಯಾರಿಗೆ?"

"ಎಲ್ಲರಿಗೂ!"

ಆ ಮೂರು ದಿನ ನಾನಾಡಿದ ಮಾತುಗಳಲ್ಲಿ ಇದೊಂದೇ ಅಕ್ಷರಶಃ ನಿಜವಾದದ್ದು.

ಭಾನುವಾರ ಹತ್ತು ಗಂಟೆಗೆ ಶೆಡ್ಡಿನಲ್ಲಿ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಕಾಳುಮೆಣಸಿನ ಘಮ ಕಣವನ್ನು ದಾಟಿ, ಸಿಲ್ವರ್ ಓಕ್ ಮರಗಳ ನಡುವೆ ಮಂಜಿನ ಜೊತೆ ತೇಲುತ್ತಿತ್ತು. ನಾನು ಸೌಟು ಹಿಡಿದು ಸಮ್ರಾಟನಂತೆ ನಿಂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ.

"ಎಂಥ ಮಾಡ್ತಿದ್ಯ ಇಲ್ಲಿ? ತರಕಾರಿ ಎಲ್ಲೋ? ಹೆಚ್ಚೋಣ ಅಂತ ಮಣೆ ಹಾಕ್ಕೊಂಡು ಕಾಯ್ತಾ ಇದೀನಿ."

"ತರಕಾರಿ ತಂದಿಲ್ಲ ಅವ್ವ. ಅವ್ರ ಹಬ್ಬಕ್ಕೆ ತಕ್ಕ ಅಡುಗೆನೇ ಮಾಡಿಸ್ತಿದೀನಿ!" ಎಂದು ಮುಚ್ಚಳ ಎತ್ತಿದೆ.

ಅವ್ವ ಪಾತ್ರೆಯನ್ನು ನೋಡಿದಳು. ನನ್ನನ್ನು ನೋಡಿದಳು. ಎರಡರಲ್ಲಿ ಯಾವುದು ಹಂದಿ ಎಂದು ಅವಳಿಗೆ ಒಂದು ಕ್ಷಣ ಅನುಮಾನ ಬಂದಂತಿತ್ತು.

"ಅಯ್ಯೋ ನಿನ್ನ! ಇವತ್ತು ಅವ್ರು ಮಾಂಸ ಮೀನು ಮುಟ್ಟಲ್ಲ ಕಣೋ! ಮೊಂತಿ ಹಬ್ಬಕ್ಕೆ ಬರೀ ತರಕಾರಿ. ಅದೂ ಬೆಸ ಲೆಕ್ಕದಲ್ಲಿ. ಐದೋ, ಏಳೋ, ಒಂಬತ್ತೋ!"

"ನಿಂಗೆ ಯಾರು ಹೇಳಿದ್ದು?"

"ಫ್ಲೇವಿಯಾ ಹೇಳಿದ್ದು. ನಾನು ಕೇಳ್ದೆ, ಅವ್ಳು ಹೇಳಿದ್ಳು. ಎರಡು ವರ್ಷದಲ್ಲಿ ನೀನು ಒಂದು ಸಲನಾದ್ರೂ ಕೇಳಿದ್ಯಾ?"

ಕವರಿನಲ್ಲಿ ಬಂದ ಕಾಳನ್ನು ನೋಡಿ ಕರಗಿದ್ದೆನೇ ಹೊರತು ಆ ಹಬ್ಬಕ್ಕೆ ಏನು ಅಡುಗೆ ಎಂದು ಕೇಳಿರಲಿಲ್ಲ. ಈಗ ಎರಡು ವರ್ಷದ ಮೇಲೆ ಬಾಗಿಲಿಗೆ ಬರುತ್ತಿರುವ ತಾಯಿಗೆ, ಅವರು ಮಾಂಸ ಮುಟ್ಟದ ದಿನವೇ, ಹಂದಿ ಬಡಿಸಲು ಹೊರಟಿದ್ದೇನೆ! ಹೊಸ್ತಿಲಿನಿಂದಲೇ ಅವರು ಹಿಂದಿರುಗಿದರೆ ಮುಂದಿನ ವರ್ಷ ಕವರೂ ಬರಲಿಕ್ಕಿಲ್ಲ.

ಬೈಕ್ ಹತ್ತಿ ಮಲ್ಲಂದೂರಿಗೆ ಹಾರಿದೆ. ಒಂದು ಅಂಗಡಿಗೆ ಬೀಗ. ಇನ್ನೊಂದರಲ್ಲಿ ಈರುಳ್ಳಿ ಇತ್ತು, ಮೊಳಕೆ ಬಂದ ಆಲೂಗಡ್ಡೆ ಇತ್ತು. "ಹಬ್ಬದ ಮಾರನೇ ದಿನ ತರಕಾರಿ ಯಾರು ತಿಂತಾರೆ ರೈಟರೇ? ಕೋಳಿ ಬೇಕಾದ್ರೆ ಹೇಳಿ," ಎಂದ ಅಂಗಡಿಯ ಅನಿಲ.

ಬರಿಗೈಯಲ್ಲಿ ಮನೆಗೆ ಬಂದರೆ ಅವ್ವ ಗಣಪತಿಯ ಮುಂದೆ ಸ್ಟೂಲ್ ಹಾಕಿಕೊಂಡು ಅದರ ಮೇಲೆ ನಿಂತಿದ್ದಳು. ಅವ್ವನ ತವರು ಸಾಗರದ ಕಡೆ. ಅಲ್ಲಿಯ ಪದ್ಧತಿಯಂತೆ ಮಂಟಪದ ಮೇಲೆ ತರಕಾರಿ, ಹಣ್ಣುಗಳನ್ನು ದಾರದಲ್ಲಿ ಕಟ್ಟಿ ತೂಗಿಬಿಡುತ್ತಾಳೆ. ಫಲಾವಳಿ ಅನ್ನುತ್ತಾರೆ. ಗಣಪತಿ ಮೂರು ದಿನ ಕೂತು ಹೋಗುವ ತನಕ ಅದರ ಒಂದು ಎಲೆ ಮುಟ್ಟಿದರೂ ಅವ್ವ ಸುಮ್ಮನಿರುವವಳಲ್ಲ. ಆ ಅವ್ವ ಈಗ ಕೈಮುಗಿದು ಹೇಳುತ್ತಿದ್ದಳು: "ಸ್ವಾಮಿ, ನೆಂಟ್ರು ಬರ್ತಿದಾರೆ. ಮಗ ದಡ್ಡ. ನಿಂಗೆ ಗೊತ್ತಿರೋದೇ." ಮತ್ತೆ ಒಂದೊಂದಾಗಿ ಬೆಂಡೆ, ಹಾಗಲ, ಹೀರೆಗಳನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಗಣಪತಿ ಏನೂ ಅನ್ನಲಿಲ್ಲ. ದಡ್ಡ ಅಂದದ್ದನ್ನು ಮಾತ್ರ ಒಪ್ಪಿದಂತೆ ಕಂಡ.

ಹನ್ನೆರಡಕ್ಕೆ ಜೀಪು ಬಂತು. ಬಿಳಿ ಸೀರೆಯ ಅತ್ತೆ, ಕೈಯಲ್ಲಿ ತೆನೆ. ಅವರ ಹಿಂದೆ ಫ್ಲೇವಿಯಾ, ಮತ್ತು ಅವಳ ಮೂಗು.

"ಎಂಥ ವಾಸನೆ ಇದು?"

"ಕಾಂಪೋಸ್ಟ್. ಗಿಡಕ್ಕೆ ಹಾಕ್ಸಿದ್ದು."

"ಕಾಂಪೋಸ್ಟಿಗೆ ಕಾಳುಮೆಣಸು ಹಾಕಿದ್ಯಾ?"

ನಾನು ಕೇಳಿಸದವನಂತೆ ಅತ್ತೆಯ ಚೀಲ ಹಿಡಿದು ಒಳಗೆ ಓಡಿದೆ. ಅತ್ತೆ ನೇರ ಅಡುಗೆಮನೆಗೇ ಬಂದರು. ತರಕಾರಿಯ ಬುಟ್ಟಿಯಿಂದ ಒಂದು ಹಾಗಲಕಾಯಿ ಎತ್ತಿದರು.

"ಇದಕ್ಕೆ ದಾರ ಯಾಕೆ ಕಟ್ಟಿದ್ದು?"

"ಪಡವಲಕಾಯಿ ನೆಟ್ಟಗೆ ಬೆಳೀಲಿ ಅಂತ ಕಲ್ಲು ಕಟ್ತಾರಲ್ಲ ಅತ್ತೆ, ಹಾಗೇ..."

"ಹಾಗಲಕಾಯಿಗಾ?"

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ಅವನ ಮಾತು ಬಿಡಿ. ಇದು ಗಣಪತಿ ಮೇಲೆ ಕಟ್ಟಿದ್ದು. ನೈವೇದ್ಯ ಅಲ್ಲ, ಅಲಂಕಾರಕ್ಕೆ ಕಟ್ಟಿದ್ದು. ನಿಮಗೆ ಬೇಡ ಅನ್ಸಿದ್ರೆ ಅನ್ನ ಮೊಸರು ಇದೆ. ಸುಳ್ಳು ಹೇಳಿ ಉಣ್ಣಿಸಕ್ಕೆ ನಂಗೆ ಮನಸಿಲ್ಲ."

ಫ್ಲೇವಿಯಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ದೇವರಿಗೆ ಎಡೆ ಇಟ್ಟಿದ್ರೆ ನಾನು ತಿಂತಿರ್ಲಿಲ್ಲ," ಎಂದರು ಅತ್ತೆ ನಿಧಾನವಾಗಿ.

"ಇಟ್ಟಿದ್ರೆ ನಾನೂ ಕೊಡ್ತಿರ್ಲಿಲ್ಲ," ಎಂದಳು ಅವ್ವ.

ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಭಾಷಣ ಮಾಡಿ ಕಟ್ಟಬೇಕೆಂದಿದ್ದ ಸೇತುವೆ ಎರಡು ವಾಕ್ಯದಲ್ಲಿ ಕಟ್ಟಿ ಮುಗಿದಿತ್ತು! ಅತ್ತೆ ಹಾಗಲಕಾಯಿಯ ದಾರ ಬಿಚ್ಚಿ, ಬುಟ್ಟಿ ಎಣಿಸಿದರು.

"ಆರು ಆಯ್ತಲ್ಲ. ಇನ್ನೊಂದು ಬೇಕು. ಹಿತ್ತಲಲ್ಲಿ ಕೆಸು ಇರ್ಬೇಕಲ್ಲ?"

ಹಿತ್ತಲು! ಹಿತ್ತಲಿನಾಚೆಗೆ ಕಣ, ಕಣದಾಚೆಗೆ ಶೆಡ್!

"ನಾನು ತರ್ತೀನಿ ಅತ್ತೆ! ಅಲ್ಲಿ ಜಿಗಣೆ ಇದಾವೆ!"

"ನಾನು ಮೂಡಿಗೆರೆಯವಳು," ಎಂದು ಸೀರೆ ಎತ್ತಿ ಸಿಕ್ಕಿಸಿಕೊಂಡು ನಡೆದೇಬಿಟ್ಟರು. ಹಿಂದೆ ಅವ್ವ, ಅವಳ ಹಿಂದೆ ಗಾಳಿಯಲ್ಲಿ ಮೂಗೆತ್ತಿ ಫ್ಲೇವಿಯಾ, ಕೊನೆಗೆ ಕುರಿಯಂತೆ ನಾನು. ಶೆಡ್ಡಿನಲ್ಲಿ ನಿಷ್ಠಾವಂತ ಗಿಡ್ಡಪ್ಪ ಇನ್ನೂ ಕಲಕುತ್ತಿದ್ದ. ಬಿಳಿ ಸೀರೆ ಕಂಡದ್ದೇ ಮುಚ್ಚಳ ಎತ್ತಿದ.

"ನೋಡಿ ಅಮ್ಮಾ! ರೈಟ್ರು ನಿಮಗಂತಲೇ ಮಾಡ್ಸಿದ್ದು. ಸರ್ಪ್ರೈಸ್!"

"ಧರ್ಮೇಶ್!" ಫ್ಲೇವಿಯಾ ಕೂಗಿದ್ದಕ್ಕೆ ಸಿಲ್ವರ್ ಓಕ್ ಮೇಲಿನ ಹಕ್ಕಿಗಳು ಹಾರಿದವು. "ಏಳು ತರಕಾರಿ ಬರ್ಕೊಟ್ಟಿದ್ನಲ್ಲ! ಅದರಲ್ಲಿ ಹಂದಿ ಅಂತ ಎಲ್ಲಿತ್ತು?"

"ನೀನು ನಮ್ಮ ಗಣಪತಿಗೋಸ್ಕರ ಆಸೆ ಅದುಮಿಟ್ಕೊಂಡು ತರಕಾರಿ ಅಂದೆ ಅಂದ್ಕೊಂಡೆ ಕಣೆ. ನಿನ್ನ ಹಬ್ಬ ಸಪ್ಪೆ ಆಗ್ಬಾರ್ದು ಅಂತ..." ನನ್ನ ದನಿ ಕಣದಲ್ಲಿ ಸೋರಿಹೋಯಿತು.

ಅತ್ತೆ ನನ್ನನ್ನು ನೋಡಿದರು. ಅವರ ತುಟಿಯ ತುದಿ ಅದುರಿತು. "ಮೊಂತಿ ಫೆಸ್ತಿಗೆ... ಹಂದಿ!" ಎಂದವರೇ ಪಕ್ಕದ ಮರದ ದಿಮ್ಮಿಯ ಮೇಲೆ ಕುಸಿದು ಕೂತು ನಗತೊಡಗಿದರು. ಎರಡು ವರ್ಷದಿಂದ ಕಟ್ಟಿಟ್ಟಿದ್ದ ನಗು ಅದು, ಬೇಗ ನಿಲ್ಲಲಿಲ್ಲ. ಅವ್ವ ನಕ್ಕಳು. ಫ್ಲೇವಿಯಾ ಅಳುತ್ತ ನಕ್ಕಳು. ಕಾರಣ ಗೊತ್ತಿಲ್ಲದ ಗಿಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಅತ್ತೆ ಕಣ್ಣೊರೆಸಿಕೊಂಡು ಪಾತ್ರೆಗೆ ಬಗ್ಗಿದರು. "ಹುಳಿ ಕಮ್ಮಿ ಆಗಿದೆ. ವಿನೆಗರ್ ಹಾಕಿ ಇನ್ನೊಂದು ಕುದಿ ಬರಿಸಿ ಇಡಿ. ಇದು ನಾಳೆಗೆ ಕೂತ್ರೆ ರುಚಿ ಬರ್ತದೆ."

"ನಾಳೆ ಬೆಳಿಗ್ಗೆ ನಮ್ಮ ಗಣಪತಿನೂ ಹೊರಡ್ತಾನೆ," ಎಂದಳು ಅವ್ವ. "ಮಧ್ಯಾಹ್ನಕ್ಕೆ ನಾನು ಕಡುಬು ಮಾಡ್ತೀನಿ. ನೀವೂ ಉಳ್ಕೊಂಡ್ಬಿಡಿ."

ಅವತ್ತು ಏಳು ತರಕಾರಿಯ ಊಟಕ್ಕೆ ಮೊದಲು ಅತ್ತೆ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿದರು. ಹಿರಿಯರಿಂದ ಶುರು ಎಂದು ಮೊದಲ ಲೋಟ ಅವ್ವನಿಗೆ. "ನಮ್ಮಲ್ಲೂ ಹೊಸ ಅಕ್ಕಿ ಊಟ ಅಂತ ಮಾಡ್ತೀವಲ್ಲ," ಎಂದು ಅವ್ವ ಕಣ್ಣಿಗೊತ್ತಿ ಕುಡಿದಳು. ಫ್ಲೇವಿಯಾಳ ಲೋಟ ತಾಯಿಯ ಕೈಯಿಂದ ಅವಳ ಕೈಗೆ ದಾಟುವಾಗ ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಬಿಡಲಿಲ್ಲ. ಮೂರು ಗಂಟೆಯ ಬಸ್ಸು ಹಾರ್ನ್ ಹೊಡೆದು ತಿರುವಿನಲ್ಲಿ ಇಳಿದುಹೋಯಿತು. ಯಾರೂ ಏಳಲಿಲ್ಲ.

ನನ್ನ ವಿಜಯದ ಗರ್ವವನ್ನು ಏನೆಂದು ಹೇಳಲಿ! ಒಂದು ಊಟಕ್ಕೆಂದು ಬಂದ ಅತ್ತೆಯನ್ನು ನಿಲ್ಲಿಸಿದ್ದು ಯಾರು? ಏಳು ತರಕಾರಿಯೇ? ಅಲ್ಲ! ನನ್ನ ನಾಲ್ಕು ಕೆಜಿ ಹಂದಿ!

ಮಾರನೇ ದಿನ ಬೆಳಿಗ್ಗೆ ಎಸ್ಟೇಟಿನ ಕೆರೆಯಲ್ಲಿ ಗಣಪತಿಯನ್ನು ಬಿಟ್ಟೆವು. ಅತ್ತೆ ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಮಧ್ಯಾಹ್ನ ಎಲೆ ಹಾಕಿದರು. ಬಿಸಿ ಕಡುಬಿನ ಹಬೆ, ರಾತ್ರಿಯಿಡೀ ಮಸಾಲೆ ಕುಡಿದು ಕೆಂಪಾದ ಹಂದಿಸಾರು. ಅವ್ವನ ಎಲೆಗೆ ಬಿತ್ತು. ಫ್ಲೇವಿಯಾಳ ಎಲೆಗೆ ಬಿತ್ತು. ಗಿಡ್ಡಪ್ಪನ ಎಲೆಗೆ ಎರಡು ಸಲ ಬಿತ್ತು. ನಾನು ತೋಳು ಮಡಚಿ, ಎದೆ ಉಬ್ಬಿಸಿ ಕಾದೆ. ಅತ್ತೆಯ ಸೌಟು ನನ್ನ ಎಲೆಯ ಮೇಲೆ ಬಂದು ನಿಂತಿತು.

"ಅಳಿಯಂದ್ರೇ, ಇವತ್ತು ಸೋಮವಾರ ಅಲ್ವಾ?"

ಮೂರು ದಿನದ ಹಬ್ಬದಲ್ಲಿ ನನಗೆ ವಾರವೇ ಮರೆತುಹೋಗಿತ್ತು.

"ಪಿಯುಸಿ ಪಾಸಾಗ್ಲಿ ಅಂತ ಸೋಮವಾರ ಮಾಂಸ ಬಿಡ್ತೀನಿ ಅಂತ ನೀವು ಹರಕೆ ಹೊತ್ತಿದ್ರಂತೆ. ನಿನ್ನೆ ನಿಮ್ಮ ಅವ್ವನ ಹತ್ರ ಕೇಳಿ ತಿಳ್ಕೊಂಡೆ."

"ಅವ್ವ! ನಿಂದೂ ಹರಕೆ ಇದೆಯಲ್ಲ!"

"ನಂದು ಶನಿವಾರ," ಎಂದಳು ಅವ್ವ, ಬಾಯಿ ತುಂಬ ಕಡುಬಿಟ್ಟುಕೊಂಡು.

"ಒಂದು ದಿನ ಪರವಾಗಿಲ್ಲ ಅತ್ತೆ, ನೀವೇ ಬಡಿಸೋವಾಗ..."

"ಛೆ ಛೆ, ನಿಮ್ಮ ನಂಬಿಕೆ ನಿಮಗೆ ದೊಡ್ಡದು. ನಮ್ಮ ಹಬ್ಬಕ್ಕೆ ನೀವು ಅಷ್ಟೆಲ್ಲ ಓಡಾಡಿದ್ರಿ. ನಿಮ್ಮ ಹರಕೆ ನಾನು ಕೆಡಿಸೋದಾ?"

ಅತ್ತೆ ಬಹಳ ಗೌರವದಿಂದ ಸೌಟನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಪಾತ್ರೆಗೆ ಕೈಹಾಕಿ, ನನ್ನ ಎಲೆಯ ನಟ್ಟನಡುವೆ ನಿನ್ನೆಯ ಹಾಗಲಕಾಯಿ ಪಲ್ಯ ಬಡಿಸಿದರು.