ಸ್ಟೀಲೋ, ರಾಬೋ?

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಲೆಗೂದಲೆಲ್ಲ ಉದುರುವಷ್ಟು ವರ್ಷ ವ್ಯಾಕರಣ ಬೋಧಿಸಿದರೂ ಒಬ್ಬ ವಿದ್ಯಾರ್ಥಿಯೂ ಎದ್ದುನಿಂತು "ಸರ್, ಒಂದು ಡೌಟು" ಎಂದವನಲ್ಲ. (ನನ್ನ ಹೆಂಡತಿಗಂತೂ ನನ್ನ ಬಗ್ಗೆ ಯಾವ ಡೌಟೂ ಉಳಿದಿಲ್ಲ.)

ಮೊನ್ನೆ ಮಧ್ಯಾಹ್ನ ಇಬ್ಬರೂ ಮಾರುಕಟ್ಟೆಯಿಂದ ಬಂದು ನೋಡಿದರೆ ಬಾಗಿಲ ಬೀಗ ಮುರಿದಿತ್ತು. ಅಡುಗೆಮನೆಯಲ್ಲಿ ಕಳ್ಳನೊಬ್ಬ, ಅತ್ತೆ ಕೊಟ್ಟ ಹಿತ್ತಾಳೆ ಕೊಡವನ್ನು ಗೋಣಿಚೀಲಕ್ಕೆ ತುರುಕುತ್ತಿದ್ದ.

"ರೀ, ಹಿಡೀರಿ! ನಮ್ಮ ಕೊಡ ರಾಬ್ ಮಾಡ್ತಿದ್ದಾನೆ!" ಹೆಂಡತಿ ಕಿರುಚಿದಳು.

ನನ್ನ ರಕ್ತ ಕುದಿಯಿತು. ಕಳ್ಳನನ್ನು ಕಂಡಲ್ಲ, ಆ ಕ್ರಿಯಾಪದವನ್ನು ಕೇಳಿ.

"ಕೊಡವನ್ನ ರಾಬ್ ಮಾಡೋಕಾಗಲ್ಲ ಕಣೇ. ರಾಬ್ ಮಾಡೋದು ಮನುಷ್ಯರನ್ನ. ಕೊಡ ಅಂದ್ರೆ ಸ್ಟೀಲ್!"

"ಯಾವ ಸ್ಟೀಲ್ ರೀ? ಅಪ್ಪಟ ಹಿತ್ತಾಳೆ! ನಮ್ಮಮ್ಮ ಕೊಟ್ಟಿದ್ದು!" ಎಂದವಳೇ ಜನರನ್ನು ಕರೆಯಲು ಬೀದಿಗೆ ಓಡಿದಳು.

ಕಿಟಕಿಯಾಚೆ ಒಂದು ಕಾಲಿಟ್ಟಿದ್ದ ಕಳ್ಳ ಗಕ್ಕನೆ ನಿಂತ. "ಸರ್, ಒಂದು ಡೌಟು. ಎರಡೂ ಒಂದೇ ಅಲ್ವಾ?"

ನನಗೆ ಕಣ್ಣು ತುಂಬಿ ಬಂತು. ಸ್ಟೂಲು ಎಳೆದು ಕೂರಿಸಿದೆ. "ನೋಡಪ್ಪ, ಕಣ್ತಪ್ಪಿಸಿ ಒಯ್ದರೆ ಸ್ಟೀಲ್. ಹೆದರಿಸಿ ಕಿತ್ಕೊಂಡ್ರೆ ರಾಬ್."

"ಒಂದು ಉದಾಹರಣೆ ಸರ್?"

ಎಂಥ ಜ್ಞಾನದಾಹ! ಲಟ್ಟಣಿಗೆಯನ್ನು ನಾನೇ ಅವನ ಕೈಗೆ ಕೊಟ್ಟೆ. "ಇದನ್ನ ಎತ್ತಿ ಹಿಡಿ. ಹಾಂ, ಮುಖ ಇನ್ನೂ ಸ್ವಲ್ಪ ಕ್ರೂರವಾಗಿರಲಿ." ಎರಡೂ ಕೈ ಎತ್ತಿ, ಗೋಡೆಗೆ ಮುಖಮಾಡಿ ನಿಂತೆ. ಶಿಷ್ಯ ಶ್ರದ್ಧೆಯಿಂದ ನನ್ನ ವಾಚು, ಮೊಬೈಲು, ಕೊನೆಗೆ ಕನ್ನಡಕವನ್ನೂ ಕಿತ್ತುಕೊಂಡ.

"ಅರ್ಥವಾಯ್ತಾ?"

"ಪೂರ್ತಿ ಸರ್."

"ಹಾಗಾದ್ರೆ ಒಂದು ವಾಕ್ಯ ಮಾಡು."

ಸದ್ದಿಲ್ಲ. ಯೋಚಿಸುತ್ತಿರಬೇಕೆಂದು ಕೈ ಇಳಿಸದೆ ಕಾದೆ. ಹಿಂದಿನಿಂದ ಬಂದದ್ದು ವಾಕ್ಯವಲ್ಲ, ನನ್ನ ಹೆಂಡತಿ ಬೀದಿಯಿಂದ ಕರೆತಂದ ಪೊಲೀಸಿನವನ ಕೈ. ಅದು ನನ್ನ ಕುತ್ತಿಗೆಪಟ್ಟಿ ಹಿಡಿಯಿತು.

"ತಾನಾಗೇ ಶರಣಾಗಿದ್ದಾನೆ ಮೇಡಂ!"

"ಅಯ್ಯೋ, ನಾನು ಸ್ಟೀಲ್ ಮಾಡಿದವನಲ್ಲ, ರಾಬ್ ಆದವನು! ಈ ಮನೆ ಯಜಮಾನ! ಬೇಕಾದ್ರೆ ಇವಳನ್ನೇ ಕೇಳಿ!"

ಹೆಂಡತಿ ಕೊಡವಿಲ್ಲದೆ ಬರಿದಾದ ಅಡುಗೆ ಕಟ್ಟೆಯನ್ನು ನೋಡಿದಳು. ತೆರೆದ ಕಿಟಕಿಯನ್ನು ನೋಡಿದಳು. ಆಮೇಲೆ ನನ್ನನ್ನು, ಅಡಿಯಿಂದ ಮುಡಿಯವರೆಗೆ.

"ಎಲ್ಲೋ ನೋಡಿದ ಹಾಗಿದೆ," ಎಂದಳು. "ಆದ್ರೆ ಖಚಿತವಾಗಿ ಹೇಳೋಕಾಗಲ್ಲ ಸರ್. ಯಾವುದಕ್ಕೂ ಕರ್ಕೊಂಡು ಹೋಗಿ ಚೆನ್ನಾಗಿ ವಿಚಾರಿಸ್ಕೊಳ್ಳಿ."